ವಿಂಧ್ಯದ ವಯಸ್ಸಿನ ವ್ಯಾಜ್ಯ

1998ರಲ್ಲಿ ಮಧ್ಯ ಭಾರತದ ಸೋನ್ ನದಿ ಕಣಿವೆಯ ಕಲ್ಲುಗಳ ಬಗ್ಗೆ ಎರಡು ಪ್ರಬಂಧಗಳು ಹೊರಬಂದವು. ಒಂದನ್ನು ನಂಬಿದರೆ ಇನ್ನೊಂದನ್ನು ನಂಬುವುದು ಕಷ್ಟವಾಗಿತ್ತು.

ಮೊದಲನೆಯದು ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಬರೆದವರು ಜರ್ಮನಿಯ ಹೆಸರಾಂತ ಪಳೆಯುಳಿಕೆ ತಜ್ಞ ಅಡಾಲ್ಫ್ ಸೈಲಾಖರ್, ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಪ್ರದೀಪ್ ಬೋಸ್ ಮತ್ತು ಫ್ರೀಡ್ರಿಶ್ ಫ್ಲೂಗರ್. ಚೋರ್ಹಾಟ್ ಮರಳುಗಲ್ಲಿನ ಹಾಸುಗಳ ಮೇಲೆ ಅವರಿಗೆ ಅಂಕುಡೊಂಕಾದ ಗೆರೆಗಳು ಕಂಡಿದ್ದವು. ಹುಳುವಿನಂಥ ಯಾವುದೋ ಪ್ರಾಣಿ ಸಮುದ್ರದ ತಳದಲ್ಲಿ ಕೊರೆದುಕೊಂಡು ಹೋದ ಜಾಡು ಇದು, ಕಲ್ಲಿಗೆ 100 ಕೋಟಿ ವರ್ಷಕ್ಕೂ ಮೀರಿದ ವಯಸ್ಸು ಎಂದು ಅವರು ವಾದಿಸಿದರು. ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಹೆಚ್ಚೆಂದರೆ 60 ಕೋಟಿ ವರ್ಷಗಳ ಆಸುಪಾಸಿನಲ್ಲಿ ಎಂದುಕೊಂಡಿದ್ದವರಿಗೆ ಇದು ದೊಡ್ಡ ಸುದ್ದಿ.

ಎರಡನೆಯದು ಬೆಂಗಳೂರಿನಿಂದ ಹೊರಡುವ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ ಬಂತು. ಡೆಹರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ರಫತ್ ಅಜ್ಮಿ ಅದೇ ಕಣಿವೆಯ ರೋಹ್ತಾಸ್ ಸುಣ್ಣಕಲ್ಲನ್ನು ಆಮ್ಲದಲ್ಲಿ ಕರಗಿಸಿ, ತಳದಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ನೋಡಿದ್ದರು. ಕಂಡದ್ದು ಪುಟ್ಟ ಚಿಪ್ಪುಗಳಂಥ, ಕೊಳವೆಗಳಂಥ ಆಕೃತಿಗಳು. ಇಂಥ ಚಿಪ್ಪುಗಳು ಜಗತ್ತಿನೆಲ್ಲೆಡೆ ಕೇಂಬ್ರಿಯನ್ ಯುಗದ ಆರಂಭದ ಗುರುತು. ಆ ಯುಗ ಶುರುವಾದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಹಾಗಾದರೆ ಸುಣ್ಣಕಲ್ಲಿಗೂ ಅಷ್ಟೇ ವಯಸ್ಸು ಎಂದರು ಅಜ್ಮಿ.

ತೊಡಕು ಇರುವುದು ಇಲ್ಲಿ. ರೋಹ್ತಾಸ್ ಸುಣ್ಣಕಲ್ಲು ಚೋರ್ಹಾಟ್ ಮರಳುಗಲ್ಲಿನ ಮೇಲಿದೆ, ಆದರೆ ಬಹಳ ಮೇಲೇನೂ ಅಲ್ಲ. ಇವೆರಡರ ನಡುವೆ ಐವತ್ತು ಕೋಟಿ ವರ್ಷಗಳ ಬಿಡುವು ಬಿದ್ದಿದೆ ಎನ್ನುವುದಕ್ಕೆ ಕಲ್ಲಿನಲ್ಲಿ ಯಾವ ಕುರುಹೂ ಇಲ್ಲ. ಮೇಲಿನದು 54 ಕೋಟಿಯದಾದರೆ ಕೆಳಗಿನದು 110 ಕೋಟಿಯದಾಗುವುದು ಹೇಗೆ?

ಮೇಲಿರುವುದು ಕೆಳಗಿರುವುದಕ್ಕಿಂತ ಹೊಸದು ಎಂಬ ತರ್ಕ ಹಳೆಯದು. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಇಟಲಿಯಲ್ಲಿದ್ದಾಗ 1669ರಲ್ಲಿ ಅದನ್ನು ನಿಯಮವಾಗಿ ಬರೆದಿಟ್ಟ. ನೀರಿನಲ್ಲಿ ಕೆಸರು ತಳಕ್ಕಿಳಿದು ಪದರವಾಗುತ್ತದೆ, ಅದರ ಮೇಲೆ ಇನ್ನೊಂದು ಕೂರುತ್ತದೆ. ಪದರಗಳನ್ನು ಕೊರೆದು ಇನ್ನೊಂದು ಕಲ್ಲು ನುಗ್ಗಿದ್ದರೆ ನುಗ್ಗಿದ್ದು ಕಿರಿಯದು. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುವ ಸರ್ವೇಯರ್ ಆಗಿದ್ದ ವಿಲಿಯಂ ಸ್ಮಿತ್ ಇದಕ್ಕೆ ಇನ್ನೊಂದು ಮಾತು ಸೇರಿಸಿದ. ಒಂದೊಂದು ಪದರಕ್ಕೆ ಅದರದೇ ಪಳೆಯುಳಿಕೆಗಳ ಗುಂಪು ಇರುತ್ತದೆ, ನೂರು ಮೈಲಿ ದೂರದಲ್ಲಿ ಅದೇ ಗುಂಪು ಕಂಡರೆ ಅದು ಅದೇ ಕಾಲದ ಪದರ. 1815ರಲ್ಲಿ ಅವನು ಬಣ್ಣ ಹಚ್ಚಿ ಪ್ರಕಟಿಸಿದ ಭೂನಕ್ಷೆ ನಿಂತಿರುವುದೇ ಈ ಮಾತಿನ ಮೇಲೆ. ಅಜ್ಮಿ ಅನುಸರಿಸಿದ್ದೂ ಇದನ್ನೇ, ವಿಧಾನದಲ್ಲಿ ತಪ್ಪು ಹುಡುಕುವಂತಿಲ್ಲ. ತೈಲ ಕಂಪನಿಗಳ ಭೂವಿಜ್ಞಾನಿಗಳು ಇವತ್ತಿಗೂ ಕೊರೆಬಾವಿಯಿಂದ ಬಂದ ಚೂರಿನ ಕಾಲವನ್ನು ಮೊದಲು ಅಂದಾಜು ಮಾಡುವುದು ಅದರಲ್ಲಿರುವ ಸೂಕ್ಷ್ಮಜೀವಿಗಳ ಚಿಪ್ಪು ನೋಡಿಯೇ.

ಆದರೆ ಈ ವಿಧಾನ ಹೇಳುವುದು ಯಾರು ಹಿರಿಯರು, ಯಾರು ಕಿರಿಯರು ಎಂಬುದನ್ನಷ್ಟೇ. ಎಷ್ಟು ವರ್ಷ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಕೇಂಬ್ರಿಯನ್‌ಗಿಂತ ಹಳೆಯ ಕಲ್ಲುಗಳಲ್ಲಂತೂ ಚಿಪ್ಪು ಮೂಳೆಗಳು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅದು ಹಿರಿತನವನ್ನೂ ಹೇಳಲಾರದು. ಚೋರ್ಹಾಟ್, ರೋಹ್ತಾಸ್ ಸೇರಿದ ವಿಂಧ್ಯದ ಕಲ್ಲುಗಳು ಸಾವಿರಾರು ಚದರ ಕಿಲೋಮೀಟರ್ ಹರಡಿವೆ. ಸಾಂಚಿಯ ಸ್ತೂಪದಿಂದ ಹಿಡಿದು ಉತ್ತರದ ಎಷ್ಟೋ ಕೋಟೆ ಗುಡಿಗಳಿಗೆ ಕಲ್ಲು ಕೊಟ್ಟಿವೆ. ಅಷ್ಟಾದರೂ ಅವುಗಳ ವಯಸ್ಸಿನ ಬಗ್ಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಊಹಾಪೋಹ ನಡೆದದ್ದು ಈ ಕಾರಣಕ್ಕೆ.

ವರ್ಷಗಳ ಲೆಕ್ಕ ಸಿಗಬೇಕಾದರೆ ವಿಕಿರಣಶೀಲತೆ ಪತ್ತೆಯಾಗುವವರೆಗೆ ಕಾಯಬೇಕಾಯಿತು. ಯುರೇನಿಯಂನ ಪರಮಾಣು ತಾನಾಗಿಯೇ ಒಡೆದು ಹಲವು ಮೆಟ್ಟಿಲಿಳಿದು ಕೊನೆಗೆ ಸೀಸವಾಗುತ್ತದೆ. ಇಂಥ ಪರಮಾಣು ಇಂಥ ದಿನ ಒಡೆಯುತ್ತದೆ ಎಂದು ಹೇಳಲಾಗದು, ಆದರೆ ರಾಶಿಯಲ್ಲಿ ಅರ್ಧ ಒಡೆಯಲು ಬೇಕಾದ ಕಾಲ ಗಟ್ಟಿಯಾಗಿ ಗೊತ್ತು. ಯುರೇನಿಯಂ-238ರ ಅರ್ಧಾಯುಷ್ಯ 446.8 ಕೋಟಿ ವರ್ಷ. ಅದರ ಒಡಹುಟ್ಟು ಯುರೇನಿಯಂ-235ರದ್ದು 70.4 ಕೋಟಿ. ಕಲ್ಲಿನೊಳಗಿನ ಬಿಸಿಯಾಗಲಿ ಒತ್ತಡವಾಗಲಿ ನೀರಾಗಲಿ ಈ ವೇಗವನ್ನು ಬದಲಿಸವು. ಅಮೆರಿಕದ ಬೋಲ್ಟ್‌ವುಡ್ 1907ರಲ್ಲಿ, ಇಂಗ್ಲೆಂಡಿನ ಆರ್ಥರ್ ಹೋಮ್ಸ್ 1911ರಲ್ಲಿ ಯುರೇನಿಯಂ-ಸೀಸದ ಪ್ರಮಾಣ ಅಳೆದು ಕಲ್ಲುಗಳಿಗೆ ಮೊದಲ ಬಾರಿ ವರ್ಷಗಳಲ್ಲಿ ವಯಸ್ಸು ಹೇಳಿದರು. ಹೋಮ್ಸ್‌ಗೆ ಆಗ ಇಪ್ಪತ್ತೊಂದು ವರ್ಷ. ಒಂದೇ ಧಾತುವಿಗೆ ಬೇರೆ ಬೇರೆ ತೂಕದ ಪರಮಾಣುಗಳಿರುತ್ತವೆ ಎಂಬ ಐಸೊಟೋಪ್ ಕಲ್ಪನೆಯೇ ಆಗಿನ್ನೂ ಹುಟ್ಟಿರಲಿಲ್ಲ. 1956ರ ಹೊತ್ತಿಗೆ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಎಂದಾಗಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಟ್ಟು ಮುಂದೆ ಹೋಗೋಣ. ಪಳೆಯುಳಿಕೆಯ ವಯಸ್ಸು ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಕಾರ್ಬನ್-14. ಅದರ ಅರ್ಧಾಯುಷ್ಯ ಬರೀ 5,730 ವರ್ಷ. ಐವತ್ತು ಸಾವಿರ ವರ್ಷ ಕಳೆಯುವಷ್ಟರಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ. ಹಳ್ಳೂರಿನ, ತೆಕ್ಕಲಕೋಟೆಯ ನವಶಿಲಾಯುಗದ ಒಲೆಗಳಿಂದ ಸಿಕ್ಕ ಇದ್ದಿಲಿಗೆ ಅದು ಸರಿ. ಡೈನೊಸಾರ್ ಮೂಳೆಗೆ ಅದನ್ನು ಹಚ್ಚಿದರೆ ಅರ್ಥವಿಲ್ಲ.

ಇನ್ನು, ಯುರೇನಿಯಂ ಇದೆ, ಸೀಸ ಇದೆ, ವಿಂಧ್ಯದ ಮರಳುಗಲ್ಲಿನ ಒಂದು ಚೂರು ತಂದು ಅಳೆದರಾಯಿತಲ್ಲ? ಆಗುವುದಿಲ್ಲ. ವಯೋಮಾಪನದ ಇಡೀ ವಿದ್ಯೆ ನಿಂತಿರುವುದು ಏಕೆ ಆಗುವುದಿಲ್ಲ ಎಂಬುದರ ಮೇಲೆ. ಸೀಸದ ಲೆಕ್ಕ ಶುರುವಾಗುವುದು ಯುರೇನಿಯಂ ಇರುವ ಹರಳು ಗಟ್ಟಿಯಾಗಿ ಬಾಗಿಲು ಮುಚ್ಚಿದ ಗಳಿಗೆಯಿಂದ. ಮರಳಿನ ಕಾಳು ಹರಳಾದದ್ದು ಸಮುದ್ರದಲ್ಲಲ್ಲ. ಎಲ್ಲೋ ದೂರದ ಗ್ರಾನೈಟ್ ಬೆಟ್ಟದಲ್ಲಿ ಹರಳಾಗಿ, ಬೆಟ್ಟ ಸವೆದಾಗ ಹೊಳೆಗೆ ಬಿದ್ದು ಬಂದದ್ದು ಅದು. ಮಲೆನಾಡಿನಲ್ಲಿ ಹಳೆಯ ಮನೆ ಬಿಚ್ಚಿ ಅದರ ಕಂಬ ತೊಲೆಗಳನ್ನು ತಂದು ಹೊಸ ಮನೆ ಕಟ್ಟುತ್ತಾರಲ್ಲ, ಅಂಥ ಮನೆಯ ಕಂಬ ನೋಡಿ ಗೃಹಪ್ರವೇಶದ ವರ್ಷ ಹೇಳಿದರೆ ಏನಾದೀತು? ಒಂದು ಮಾತು ಮಾತ್ರ ಧೈರ್ಯವಾಗಿ ಹೇಳಬಹುದು: ಎಲ್ಲಕ್ಕಿಂತ ಹೊಸ ಕಂಬ ಯಾವುದೋ, ಮನೆ ಅದಕ್ಕಿಂತ ಹಿಂದಿನದಲ್ಲ. ನಮ್ಮ ಕರ್ನಾಟಕದ ಸರಗೂರು ಸಮೂಹದ ಪ್ರಾಚೀನ ಕಲ್ಲುಗಳಲ್ಲಿ 358 ಕೋಟಿ ವರ್ಷದಷ್ಟು ಹಳೆಯ, ಜಿರ್ಕಾನ್ ಎಂಬ ಹರಳಿನ ಕಾಳುಗಳು ಸಿಕ್ಕಿವೆ. ಆ ಕಾಳುಗಳನ್ನು ಹೊತ್ತ ಕಲ್ಲು ಅವುಗಳಿಗಿಂತ ಬಹಳ ಕಿರಿಯದು. ಕಾಳುಗಳು ಹುಟ್ಟಿದ ಬೆಟ್ಟ ಎಲ್ಲಿತ್ತೋ, ಕರಗಿ ಹೋಗಿದೆ.

ಪಳೆಯುಳಿಕೆಗಂತೂ ತನ್ನದೇ ಆದ ವಯಸ್ಸು ಇಲ್ಲವೆಂದೇ ಹೇಳಬೇಕು. ಹುಳು ಕೊರೆದ ಗೆರೆಯಲ್ಲಿ ಅಳೆಯಲು ಏನಿದೆ? ಅದಕ್ಕೆ ಸಿಗುವುದು ನೆರೆಹೊರೆಯವರಿಂದ ಎರವಲು ಪಡೆದ ವಯಸ್ಸು.

1998ಕ್ಕೆ ಮುಂಚೆ ವಿಂಧ್ಯದ ವಯಸ್ಸಿಗೆ ಆಧಾರವಾಗಿದ್ದದ್ದು ಬಹುಪಾಲು ಗ್ಲಾಕೊನೈಟ್ ಎಂಬ ಹಸಿರು ಖನಿಜ. ಅದು ಸಮುದ್ರದ ತಳದಲ್ಲೇ ರೂಪುಗೊಳ್ಳುತ್ತದೆ. ಹಾಗಾಗಿ ಹೊರಗಿನಿಂದ ಬಂದ ಕಾಳಿನ ತೊಂದರೆ ಅದಕ್ಕಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ-40ರ ಒಂದು ಪಾಲು 125 ಕೋಟಿ ವರ್ಷದ ಅರ್ಧಾಯುಷ್ಯದಲ್ಲಿ ಆರ್ಗಾನ್ ಆಗುತ್ತದೆ. ಆದರೆ ಆರ್ಗಾನ್ ಅನಿಲ. ಮುಂದೆಂದೋ ಪದರಗಳು ಆಳದಲ್ಲಿ ಹೂತು ಸ್ವಲ್ಪ ಬೆಚ್ಚಗಾದರೂ ಸಾಕು, ಪದರ ಪದರವಾದ ಆ ಖನಿಜದಿಂದ ಅದು ಸೋರಿಹೋಗುತ್ತದೆ. ಸೋರಿದಷ್ಟೂ ಕಲ್ಲು ಚಿಕ್ಕ ವಯಸ್ಸಿನದಾಗಿ ಕಾಣುತ್ತದೆ. ಸೈಲಾಖರ್ ತಂಡದ ಕೈಲಿದ್ದ ಸಂಖ್ಯೆಗಳು ಇಂಥವು.

ಸೋರದ ಹರಳು ಬೇಕಿತ್ತು. ಅದು ಜಿರ್ಕಾನ್. ಜಿರ್ಕೋನಿಯಂ, ಸಿಲಿಕಾನ್, ಆಮ್ಲಜನಕ ಸೇರಿದ ಈ ಹರಳು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುತ್ತದೆ. ಶಿಲಾರಸ ತಣಿಯುವಾಗ ಜಿರ್ಕೋನಿಯಂನ ಜಾಗದಲ್ಲಿ ಯುರೇನಿಯಂ ಸಲೀಸಾಗಿ ಕೂರುತ್ತದೆ. ಸೀಸದ ಪರಮಾಣು ಆ ಜಾಗಕ್ಕೆ ಹೊಂದುವುದಿಲ್ಲ, ಹರಳು ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ ಎನ್ನಬಹುದು. ಹೀಗಾಗಿ ಇಂದು ಜಿರ್ಕಾನ್ ಒಳಗೆ ಕಾಣುವ ಸೀಸವೆಲ್ಲ ಹೆಚ್ಚುಕಡಿಮೆ ಅಲ್ಲೇ ಹುಟ್ಟಿದ್ದು. ಹುಟ್ಟಿದ ಸೀಸ 900 ಡಿಗ್ರಿ ಸೆಲ್ಸಿಯಸ್‌ನ ಬಿಸಿಯಲ್ಲೂ ಸುಲಭಕ್ಕೆ ಹೊರಬೀಳದು. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಒಂದೇ ಹರಳಿನಲ್ಲಿ ಎರಡು ಯುರೇನಿಯಂಗಳು ಎರಡು ಬೇರೆ ವೇಗದಲ್ಲಿ ಕರಗಿ ಎರಡು ಬಗೆಯ ಸೀಸ ಕೊಡುತ್ತವೆ. 163 ಕೋಟಿ ವರ್ಷದ ಹರಳಿನಲ್ಲಿ ಮೊದಲಿದ್ದ ಪ್ರತಿ ನೂರು ಯುರೇನಿಯಂ-238ರಲ್ಲಿ ಸುಮಾರು 78 ಉಳಿದಿರಬೇಕು. ಪ್ರತಿ ನೂರು ಯುರೇನಿಯಂ-235ರಲ್ಲಿ ಸುಮಾರು 20 ಮಾತ್ರ. ಎರಡೂ ಲೆಕ್ಕ ಒಂದೇ ವಯಸ್ಸಿಗೆ ಬಂದು ನಿಂತರೆ ಹರಳು ಸೋರಿಲ್ಲ ಎಂದು ಖಾತ್ರಿ. ಬಾರದಿದ್ದರೆ ಸೋರಿದೆ ಎಂದು ಹರಳೇ ಹೇಳಿದಂತಾಯಿತು. ತನ್ನ ತಪ್ಪನ್ನು ತಾನೇ ಒಪ್ಪಿಸುವ ಸಾಕ್ಷಿ ಭೂವಿಜ್ಞಾನದಲ್ಲಿ ಬೇರೆ ಸಿಗುವುದು ಅಪರೂಪ.

ಆದರೆ ವಿಂಧ್ಯದ ಸಮುದ್ರಕ್ಕೆ ಹೊಳೆ ಹೊತ್ತು ತಂದ ಜಿರ್ಕಾನ್ ಸಾಲದು, ಪದರ ಕೂರುವ ಹೊತ್ತಿಗೇ ಹುಟ್ಟಿದ ಜಿರ್ಕಾನ್ ಬೇಕು. ಅದನ್ನು ತರಬಲ್ಲದ್ದು ಜ್ವಾಲಾಮುಖಿ. ಅದು ಉಗುಳಿದ ಬೂದಿ ಕೆಲವೇ ದಿನಗಳಲ್ಲಿ ಬಂದು ಬಿದ್ದು ಸಮುದ್ರದ ತಳದಲ್ಲಿ ತೆಳುವಾದ ಹಾಸಾಗುತ್ತದೆ. ಬೂದಿಯೊಳಗಿನ ಜಿರ್ಕಾನ್‌ನ ವಯಸ್ಸೂ ಆ ಹಾಸಿನ ವಯಸ್ಸೂ ಬಹುಮಟ್ಟಿಗೆ ಒಂದೇ. ಸೋನ್ ಕಣಿವೆಯ ಅದೃಷ್ಟಕ್ಕೆ ಅಲ್ಲಿ ಇಂಥ ಹಾಸುಗಳಿವೆ. ಪೋರ್ಸಿಲನೈಟ್ ಎಂದು ಕರೆಯುವ, ಪಿಂಗಾಣಿಯಂತೆ ನುಣುಪಾಗಿ ಒಡೆಯುವ ಕಲ್ಲು ಅಲ್ಲಿ ಮೈಲಿಗಟ್ಟಲೆ ಹರಡಿದೆ. ಮೂಲದಲ್ಲಿ ಅದು ಜ್ವಾಲಾಮುಖಿ ಬೂದಿ.

ಆ ಬೂದಿಯಿಂದ ಜಿರ್ಕಾನ್ ತೆಗೆಯುವುದು ತಾಳ್ಮೆಯ ಕೆಲಸ. ಕಿಲೋಗಟ್ಟಲೆ ಕಲ್ಲನ್ನು ಪುಡಿ ಮಾಡಬೇಕು. ನೀರಿನಲ್ಲಿ ಜಾಲಿಸಿ ಹಗುರವಾದದ್ದನ್ನು ಕಳೆಯಬೇಕು. ಅಯಸ್ಕಾಂತದಿಂದ ಕಬ್ಬಿಣದ ಖನಿಜ ಎತ್ತಬೇಕು. ಉಳಿದದ್ದನ್ನು ನೀರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾಂದ್ರವಾದ ಮೆಥಿಲೀನ್ ಅಯೊಡೈಡ್‌ನಂಥ ದ್ರವಕ್ಕೆ ಸುರಿದರೆ ಸ್ಫಟಿಕ, ಫೆಲ್ಡ್‌ಸ್ಪಾರ್ ತೇಲುತ್ತವೆ, ಜಿರ್ಕಾನ್ ಮುಳುಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಚೂಪು ಅಂಚಿನ, ಬಿರುಕಿಲ್ಲದ ಹರಳುಗಳನ್ನು ಒಂದೊಂದಾಗಿ ಆರಿಸಬೇಕು. ಅಂಚು ಸವೆದು ದುಂಡಗಾದದ್ದು ಹೊಳೆಯಲ್ಲಿ ಉರುಳಿ ಬಂದದ್ದಿರಬಹುದು, ಅದನ್ನು ಬಿಡಬೇಕು. ಆಮೇಲೆ ದಾರಿ ಎರಡು. ಹರಳನ್ನು ಆಮ್ಲದಲ್ಲಿ ಪೂರ್ತಿ ಕರಗಿಸಿ ಅಳೆದರೆ ನಿಖರತೆ ಹೆಚ್ಚು. ಇಲ್ಲವೇ ಹರಳನ್ನು ಅಂಟಿನಲ್ಲಿ ಕೂರಿಸಿ ಅರ್ಧಕ್ಕೆ ಉಜ್ಜಿ, ಅಯಾನು ಕಿರಣವನ್ನು ಕೂದಲಿಗಿಂತ ಕಿರಿದಾದ ಒಂದು ಚುಕ್ಕೆಗೆ ಗುರಿಯಿಟ್ಟು, ಅಲ್ಲಿಂದ ಎದ್ದ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಬೇಕು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ತಯಾರಾದ, ಕೋಣೆ ತುಂಬುವ ಈ ಯಂತ್ರಕ್ಕೆ ಶ್ರಿಂಪ್ ಎಂದು ಹೆಸರು. ಶ್ರಿಂಪ್ ಎಂದರೆ ಸಿಗಡಿ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.

ಚುಕ್ಕೆ ಆರಿಸಿ ಅಳೆಯುವುದರ ಬೆಲೆ ತಿಳಿಯಲು ಬೆಂಗಳೂರಿನ ಲಾಲ್‌ಬಾಗ್‌ಗೆ ಬರಬೇಕು. ಕೆಂಪೇಗೌಡ ಗೋಪುರ ನಿಂತ ಆ ಬಂಡೆ ಪೆನಿನ್ಸುಲರ್ ನೈಸ್. ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್. ಅದಕ್ಕೆ ಸುಮಾರು 300 ಕೋಟಿ ವರ್ಷ ಎನ್ನುತ್ತೇವೆ. ಯಾವ ಗಳಿಗೆಯಿಂದ 300 ಕೋಟಿ? ನೈಸ್ ಎಂದರೆ ಒಮ್ಮೆ ಶಿಲಾರಸವಾಗಿ ತಣಿದು, ಮತ್ತೆ ಆಳದಲ್ಲಿ ಬೆಂದು, ಹಿಸುಕಿ, ಪಟ್ಟೆ ಪಟ್ಟೆಯಾದ ಕಲ್ಲು. ಅಂಥ ಕಲ್ಲಿನ ಜಿರ್ಕಾನ್‌ಗೆ ನಡುವೆ ಹಳೆಯ ತಿರುಳು, ಸುತ್ತ ಹೊಸ ಬಳೆ ಇರುವುದುಂಟು. ತಿರುಳಿಗೆ ಗುರಿಯಿಟ್ಟರೆ ಒಂದು ಸಂಖ್ಯೆ, ಬಳೆಗೆ ಗುರಿಯಿಟ್ಟರೆ ಇನ್ನೊಂದು. ಎರಡೂ ಸರಿ. ಪೂರ್ತಿ ಕರಗಿಸಿ ಸರಾಸರಿ ತೆಗೆದರೆ ಮಾತ್ರ ಯಾವ ಘಟನೆಗೂ ಸೇರದ ಸಂಖ್ಯೆ ಬಂದೀತು. ಕಾಲಮಾಪನದ ಪ್ರಬಂಧ ಓದುವಾಗ ನಾನು ಮೊದಲು ಹುಡುಕುವುದು ಸಂಖ್ಯೆಯನ್ನಲ್ಲ, ಅದು ಯಾವ ಘಟನೆಯದು ಎಂಬುದನ್ನು. ಪತ್ರಿಕೆಗಳ ಸುದ್ದಿಯಲ್ಲಿ ಬಿಟ್ಟುಹೋಗುವುದೂ ಸಾಮಾನ್ಯವಾಗಿ ಅದೇ.

ಸೋನ್ ಕಣಿವೆಗೆ ಮರಳೋಣ. 2002ರಲ್ಲಿ 'ಜಿಯಾಲಜಿ' ಪತ್ರಿಕೆಯಲ್ಲಿ ಎರಡು ಸ್ವತಂತ್ರ ತಂಡಗಳ ಫಲಿತಾಂಶ ಬಂತು. ಆಸ್ಟ್ರೇಲಿಯದ ಬಿರ್ಗರ್ ರಾಸ್‌ಮುಸೆನ್ ತಂಡ ಶ್ರಿಂಪ್ ಬಳಸಿತ್ತು. ಜ್ಯೋತಿರಂಜನ್ ರೇ ಮತ್ತು ಸಂಗಡಿಗರ ತಂಡದಲ್ಲಿ ಜಿರ್ಕಾನ್ ಕಾಲಮಾಪನದ ದಿಗ್ಗಜ ಸ್ಯಾಮ್ಯುಯೆಲ್ ಬೌರಿಂಗ್ ಇದ್ದರು. ರಾಸ್‌ಮುಸೆನ್ ತಂಡ ಅಳೆದದ್ದು ಚೋರ್ಹಾಟ್ ಮರಳುಗಲ್ಲಿನ ಕೆಳಗೊಂದು, ಮೇಲೊಂದು ಇರುವ ಬೂದಿಯ ಹಾಸುಗಳನ್ನು. ಕೆಳಗಿನದಕ್ಕೆ 162.8 ಕೋಟಿ ವರ್ಷ, ಮೇಲಿನದಕ್ಕೆ 159.9 ಕೋಟಿ. ಎರಡರಲ್ಲೂ ಆಚೀಚೆ 80 ಲಕ್ಷ ವರ್ಷ. ರೇ ತಂಡದ ಸಂಖ್ಯೆಗಳೂ 163 ಕೋಟಿಯ ಹತ್ತಿರವೇ ಬಂದವು. ಬೇರೆ ಯಂತ್ರ, ಬೇರೆ ಕೈ, ಬೇರೆ ಮಾದರಿ, ಆದರೆ ಉತ್ತರ ಒಂದೇ. ಆಚೀಚೆ 80 ಲಕ್ಷ ಎಂದರೆ ನಮಗೆ ದೊಡ್ಡದಾಗಿ ಕೇಳಿಸುತ್ತದೆ, 163 ಕೋಟಿಯಲ್ಲಿ ಅದು ಶೇಕಡಾ ಅರ್ಧದಷ್ಟು. ಎರಡು ಬೂದಿಗಳ ನಡುವೆ ಸಿಕ್ಕಿಬಿದ್ದ ಮರಳುಗಲ್ಲಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಇದರಿಂದ ಎರಡೂ ಕಡೆಯವರು ಇಕ್ಕಟ್ಟಿಗೆ ಸಿಲುಕಿದರು. ಅಜ್ಮಿಯವರ 54 ಕೋಟಿ ಅಂದಾಜು ನೂರು ಕೋಟಿಗೂ ಹೆಚ್ಚು ವರ್ಷ ತಪ್ಪಿತ್ತು. ಸೈಲಾಖರ್ ತಂಡದ ಹುಳುವೂ ಈಗ ಇನ್ನೂ 50 ಕೋಟಿ ವರ್ಷ ಹಿಂದಕ್ಕೆ ಸರಿದು, ನಂಬಿಕೆಯಿಂದಲೂ ಅಷ್ಟೇ ದೂರ ಸರಿಯಿತು. 160 ಕೋಟಿ ವರ್ಷ ಹಿಂದೆ ಹುಳುವಿದ್ದರೆ ಆಮೇಲಿನ ನೂರು ಕೋಟಿ ವರ್ಷ ಅದರ ಸಂತತಿ ಒಂದು ಗೆರೆಯನ್ನೂ ಎಳೆಯದೆ ಎಲ್ಲಿ ಅಡಗಿತ್ತು? ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪಾಚಿಯಂಥ ಚಾಪೆ ಒಣಗಿ ಸುಕ್ಕುಗಟ್ಟಿದಾಗ ಮೂಡಿದ ಬಿರುಕುಗಳಿವು ಎನ್ನುವ ಕಡೆಗೆ ಹೆಚ್ಚಿನವರು ವಾಲಿದರು.

ವಿಂಧ್ಯದ ಮೇಲ್ಭಾಗದಲ್ಲಿ ಇಂಥ ಬೂದಿಯ ಅನುಕೂಲವಿಲ್ಲ. ಅಲ್ಲಿ ಸ್ಟೆನೊನ ಹಳೆಯ ತರ್ಕವನ್ನೇ ಹೊಸ ಅಳತೆಗೆ ಜೋಡಿಸಬೇಕಾಯಿತು. ಪನ್ನಾ ಬಳಿಯ ಮಝ್‌ಗವಾಂ ವಜ್ರದ ಗಣಿಗೆ ಹೆಸರು ತಂದ ಶಿಲಾಕೊಳವೆ ಭೂಮಿಯ ಆಳದಿಂದ ಎದ್ದು ಕೈಮೂರ್ ಮರಳುಗಲ್ಲನ್ನು ಸೀಳಿಕೊಂಡು ಬಂದದ್ದು. ಅದರ ಅಭ್ರಕದ ಆರ್ಗಾನ್ ಅಳೆದಾಗ ಸುಮಾರು 107 ಕೋಟಿ ವರ್ಷ ಎಂದು ತಿಳಿಯಿತು. ಸೀಳಿಸಿಕೊಂಡ ಮರಳುಗಲ್ಲು ಅದಕ್ಕಿಂತ ಹಿಂದೆಯೇ ಅಲ್ಲಿ ಇರಲೇಬೇಕು. ಅದಕ್ಕೂ ಮೇಲಿನ ಭಾಂಡೇರ್ ಪದರಗಳ ವಯಸ್ಸಿನ ಜಗಳ ಇನ್ನೂ ಪೂರ್ತಿ ತೀರಿಲ್ಲ.

ತೀರದ ಆ ಜಗಳದ ನಡುವೆಯೇ, ಅದೇ ಪದರಗಳಲ್ಲಿರುವ ಭೀಮಬೇಟ್ಕಾ ಗುಹೆಗಳ ಪ್ರಸಂಗ ನಡೆಯಿತು. 2020ರ ಮಾರ್ಚ್‌ನಲ್ಲಿ ನಡೆಯಬೇಕಿದ್ದ ದೆಹಲಿಯ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನ ಕೋವಿಡ್‌ನಿಂದ ಮುಂದೂಡಲ್ಪಟ್ಟಿತು. ಅದಕ್ಕೆಂದು ಬಂದಿದ್ದ ವಿಜ್ಞಾನಿಗಳು ಗುಹಾಚಿತ್ರ ನೋಡಲು ಅಲ್ಲಿಗೆ ಹೋದರು. ಆಡಿಟೋರಿಯಂ ಗುಹೆಯ ಚಾವಣಿಯಲ್ಲಿ ಎಲೆಯ ನರಗಳಂಥ ಪಟ್ಟೆಗಳ ಆಕೃತಿಯೊಂದು ಅವರ ಕಣ್ಣಿಗೆ ಬಿತ್ತು. ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂಬ ಪ್ರಾಣಿ ಇದು ಎಂದು ಪ್ರಬಂಧ ಬಂತು, ಕಲ್ಲಿಗೂ ಅದೇ ವಯಸ್ಸು ಸಿಕ್ಕಿತು. ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ತಂಡ ಆಮೇಲೆ ಅಲ್ಲಿಗೆ ಹೋಗಿ ನೋಡಿದಾಗ ಆಕೃತಿ ಕಲ್ಲಿನಿಂದ ಕಳಚಿ ಬೀಳುವ ಸ್ಥಿತಿಯಲ್ಲಿತ್ತು. ಹೆಜ್ಜೇನಿನ ಹಳೆಯ ಗೂಡು ಉಳಿಸಿಹೋದ ಗುರುತು ಅದು. 2023ರಲ್ಲಿ ಇದು ಪ್ರಕಟವಾದ ಮೇಲೆ ಮೊದಲ ಪ್ರಬಂಧದ ಮುಖ್ಯ ಲೇಖಕ ಗ್ರೆಗರಿ ರಿಟ್ಯಾಲಕ್ ತಕ್ಷಣ ಒಪ್ಪಿಕೊಂಡರು. ವಯಸ್ಸು ಅಳೆಯದೆ ಪಳೆಯುಳಿಕೆಯ ಮುಖ ನೋಡಿ ಕಲ್ಲಿಗೆ ಕಾಲ ಹೇಳುವುದರಲ್ಲಿ ಅಪಾಯವಿದೆ, ಮುಖವೇ ಜೇನಿನದಾಗಿರಬಹುದು!

ಹಾಗಾದರೆ ಅಜ್ಮಿ ಕಂಡ ಚಿಪ್ಪುಗಳು? ಬೇರೆಯವರಿಗೆ ಅವು ಸಿಗುತ್ತಿಲ್ಲ ಎಂಬ ದೂರು ಇತ್ತು. ಅವು ಪಳೆಯುಳಿಕೆಗಳೇ ಅಲ್ಲ ಎಂದವರೂ ಇದ್ದರು. ಸ್ವೀಡನ್ನಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಸ್ಟೆಫಾನ್ ಬೆಂಗ್ಟ್‌ಸನ್ ತಂಡ ವಿಂಧ್ಯದ್ದೇ ಆದ ಚಿತ್ರಕೂಟದ ಕಲ್ಲುಗಳಿಂದ ಹೊಸದಾಗಿ ಮಾದರಿ ತೆಗೆಯಿತು. ಅವರು ಕೆದಕಿದ್ದು ಬೂದಿಯನ್ನಲ್ಲ, ಪಳೆಯುಳಿಕೆಗಳನ್ನು ಹೊತ್ತ ಫಾಸ್ಫೇಟ್ ಕಲ್ಲನ್ನೇ. ಅದರ ಸೀಸದ ಐಸೊಟೋಪ್‌ಗಳು ಕೊಟ್ಟ ವಯಸ್ಸು 165 ಕೋಟಿ ವರ್ಷ, ಆಚೀಚೆ 8 ಕೋಟಿ 90 ಲಕ್ಷ. ಜಿರ್ಕಾನ್‌ನ ನಿಖರತೆಗೆ ಹತ್ತು ಪಟ್ಟು ಕಡಿಮೆ, ಆದರೆ ನೆರೆಯವರಿಂದ ಎರವಲು ತಂದದ್ದಲ್ಲ. 2009ರಲ್ಲಿ ಅವರು ತೀರ್ಪು ಬರೆದರು: ಅಜ್ಮಿಯವರ ಪಳೆಯುಳಿಕೆಗಳು ಅಸಲಿ, ಅವು ಕೇಂಬ್ರಿಯನ್ ಅಲ್ಲ, ಪ್ರಾಣಿಗಳ ಚಿಪ್ಪುಗಳೂ ಅಲ್ಲ.

2017ರಲ್ಲಿ ಅದೇ ತಂಡ ಆ ಕಲ್ಲುಗಳ ಒಳಗನ್ನು ಶಕ್ತಿಶಾಲಿ ಎಕ್ಸ್‌-ಕಿರಣದಿಂದ ಮೂರು ಆಯಾಮಗಳಲ್ಲಿ ಚಿತ್ರಿಸಿ, ಎಳೆಯಾಗಿ ಜೋಡಿಸಿದ ಜೀವಕೋಶಗಳನ್ನು ತೋರಿಸಿತು. ಇವು ಕೆಂಪು ಪಾಚಿ ಎಂದು ವಾದಿಸಿ, ಒಂದಕ್ಕೆ ರಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಎಂದು ಹೆಸರಿಟ್ಟಿತು. ಈ ವಾದವನ್ನೂ ಎಲ್ಲರೂ ಒಪ್ಪಿಲ್ಲ. ಇದನ್ನು ಬಿಟ್ಟರೆ ಗಟ್ಟಿಯಾಗಿ ಗೊತ್ತಿರುವ ಅತಿ ಹಳೆಯ ಕೆಂಪು ಪಾಚಿ ಕೆನಡಾದ ಬ್ಯಾಂಜಿಯೊಮಾರ್ಫ. ಅಲ್ಲಿನ ಕಪ್ಪು ಜೇಡುಗಲ್ಲಿನ ರೀನಿಯಂ-ಆಸ್ಮಿಯಂ ಎಂಬ ಇನ್ನೊಂದು ವಿಕಿರಣಶೀಲ ಜೋಡಿಯನ್ನು ಅಳೆದು ಸಿಕ್ಕ ಅದರ ವಯಸ್ಸು ಸುಮಾರು 105 ಕೋಟಿ ವರ್ಷ. ಚಿತ್ರಕೂಟಕ್ಕೂ ಕೆನಡಾಕ್ಕೂ ನಡುವಿನ 50 ಕೋಟಿಗೂ ಹೆಚ್ಚು ವರ್ಷಗಳಲ್ಲಿ ಕೆಂಪು ಪಾಚಿ ಎಲ್ಲಿತ್ತು ಎಂದು ಸಂಶಯವಾದಿಗಳು ಕೇಳುತ್ತಿದ್ದಾರೆ. ಸೈಲಾಖರ್ ಅವರ ಹುಳುವಿಗೂ ಇದೇ ಪ್ರಶ್ನೆ ಎದುರಾಗಿತ್ತು. ಈ ಸಲ ಕಲ್ಲಿನ ವಯಸ್ಸಿನ ಬಗ್ಗೆ ಯಾರದೂ ತಕರಾರಿಲ್ಲ, ಆ ಜೀವಕೋಶಗಳು ಯಾರವು ಎಂಬುದರ ಬಗ್ಗೆ ಇದೆ.